ಚಿಟ್ಟೆ ಬೇಕು, ಹುಳ ಬೇಡ

ಶಿವಮೊಗ್ಗದಲ್ಲಿ ಒಬ್ಬ ಮನುಷ್ಯ ನಿವೃತ್ತನಾದ ಅಂದರೆ ಅವನ ಮುಂದೆ ಮೂರು ದಾರಿ: ಬೆಳಿಗ್ಗೆ ವಾಕಿಂಗು, ಸಂಜೆ ಪ್ರವಚನ, ಇವೆರಡರ ನಡುವೆ ಹೊತ್ತು ಹೋಗದಿದ್ದರೆ ಯಾವುದಾದರೊಂದು ಸಂಸ್ಥೆಯ ಆಡಳಿತ ಮಂಡಳಿ. ಭದ್ರಾವತಿಯಲ್ಲಿ ನಾಲ್ಕನೆಯದೂ ಒಂದಿದೆ. ‘ಕಾರ್ಖಾನೆ ಮತ್ತೆ ಶುರುವಾಗುತ್ತಂತೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಕಾಗದದ ಕಾರ್ಖಾನೆಯ ಯಂತ್ರ ನಿಂತದ್ದು 2015ರಲ್ಲಿ. ಕಬ್ಬಿಣದ ಕಾರ್ಖಾನೆಗೆ ಬೀಗ ಹಾಕುತ್ತೇವೆಂದು ಉಕ್ಕು ಪ್ರಾಧಿಕಾರ ತೀರ್ಮಾನಿಸಿದ್ದು 2023ರ ಜನವರಿಯಲ್ಲಿ. ಆಮೇಲೂ ಆ ಮಾತು ನಿಂತಿಲ್ಲ. ಚುನಾವಣೆ ಬಂದಾಗಲಂತೂ ಮೂರು ಪಾಳಿಯಲ್ಲಿ ನಡೆಯುತ್ತದೆ.

ನಾನು ಹಿಡಿದದ್ದು ಆಡಳಿತ ಮಂಡಳಿಯ ದಾರಿ. ಎರಡೂ ಊರಿಗೆ ಪೂರ್ತಿ ಸೇರದ, ಆದರೆ ಉದ್ಘಾಟನೆಯ ದಿನ ಎರಡೂ ಊರಿನವರು ‘ನಮ್ಮದು’ ಎನ್ನುವ ಜಾಗದಲ್ಲಿ ಒಂದು ಪ್ರಕೃತಿ ಶಿಕ್ಷಣ ಕೇಂದ್ರವಿದೆ. ಹೆಸರು ಬೇಡ. ಹೇಳಿದರೆ ವಿಶೇಷ ಸಭೆ ಕರೆಯುತ್ತಾರೆ, ಸುಮ್ಮನೆ ಉಪ್ಪಿಟ್ಟು ಕೇಸರಿಬಾತಿನ ಖರ್ಚು. ಕಾರ್ಯದರ್ಶಿಗಳು ಫೋನ್ ಮಾಡಿ, ‘ಸಾರ್, ನಿಮ್ಮ ಹೆಸರು ಹಾಕ್ಕೊಂಡಿದೀವಿ’ ಅಂದರು. ಕೆಲಸ ಏನಿರುತ್ತದೆ ಎಂದು ಕೇಳಿದೆ. ‘ಕೆಲಸ ಎಂಥದೂ ಇಲ್ಲ ಮಾರಾಯ್ರೆ, ಬರೀ ಹೆಸರು’ ಅಂದರು. ಆ ಮಂಡಳಿಯಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದೇ. ಆಮೇಲೆ ಕೇಳಿದ್ದೆಲ್ಲ ಧ್ಯೇಯೋದ್ದೇಶ.

ಇದರಲ್ಲಿ ಕಾನೂನಿನದೂ ಸ್ವಲ್ಪ ಪಾಲಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಒಂದು ಸಂಘ ಕಟ್ಟಲು ಕಡಿಮೆಯೆಂದರೆ ಏಳು ಜನ ಬೇಕು. ಅವರಿಗೆ ಆ ವಿಷಯದಲ್ಲಿ ಆಸಕ್ತಿ ಇರಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಸಹಿ ಇರಬೇಕು, ವಿಳಾಸ ಇರಬೇಕು, ವರ್ಷ ವರ್ಷ ಪಟ್ಟಿ ಮತ್ತು ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು, ಮುಗಿಯಿತು. ಸರ್ಕಾರ ತನ್ನ ಪಾಲಿನ ನಿಸರ್ಗವನ್ನೂ ಇದೇ ಲೆಕ್ಕದಲ್ಲಿ ನೋಡಿಕೊಂಡಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿ, ಪ್ರತಿ ನಗರಸಭೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿತು. 2004ರ ನಿಯಮದಲ್ಲಿ ಅದಕ್ಕೊಬ್ಬ ಅಧ್ಯಕ್ಷ, ಆರರವರೆಗೆ ಸದಸ್ಯರು ಎಂದಿತ್ತು, ಅಲ್ಲಿಗೂ ಏಳೇ. ಊರಿನ ಗಿಡ, ಹಕ್ಕಿ, ನಾಟಿ ತಳಿ, ಮದ್ದಿನ ಬೇರು ಎಲ್ಲವನ್ನೂ ಜನರನ್ನೇ ಕೇಳಿ ದಾಖಲಿಸಬೇಕೆಂಬುದು ಉದ್ದೇಶ. ಹದಿನೇಳು ವರ್ಷ ಯಾರಿಗೂ ಅವಸರವಾಗಲಿಲ್ಲ. 2020ರ ಜನವರಿಯೊಳಗೆ ಮುಗಿಸದಿದ್ದರೆ ತಿಂಗಳಿಗೆ 10 ಲಕ್ಷದಂತೆ ರಾಜ್ಯಗಳು ತೆರಬೇಕಾಗುತ್ತದೆ ಎಂದು ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ದೇಶದ ಜೀವವೈವಿಧ್ಯಕ್ಕೆ ಎಲ್ಲಿಲ್ಲದ ಚುರುಕು ಬಂತು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆಂದು ಒಮ್ಮೆ ಪಂಚಾಯಿತಿಯಲ್ಲಿ ವಿಚಾರಿಸಿ. ನೀವೇ ಇದ್ದರೂ ಇರಬಹುದು.

ನಮ್ಮ ಮಂಡಳಿಯ ವಿಷಯಕ್ಕೆ ಬರೋಣ. ಅಧ್ಯಕ್ಷರು ಬಡಾವಣೆ ಮಾಡುವವರು. ಗದ್ದೆ, ತೋಟ, ಕೆರೆಯಂಚು ಇವು ಮೂರನ್ನೂ ಮೂವತ್ತು ನಲವತ್ತರ ನಿವೇಶನವಾಗಿಯೇ ಕಾಣುವ ದೃಷ್ಟಿ ಅವರದು. ಆದರೆ ಕೃತಘ್ನರಲ್ಲ, ಕಡಿದ ಮರದ ಹೆಸರನ್ನೇ ಬಡಾವಣೆಗೆ ಇಡುತ್ತಾರೆ. ಕೇಂದ್ರಕ್ಕೆ ಕೊಳವೆಬಾವಿ ಕೊರೆಸಿಕೊಟ್ಟವರು ಅವರು. ಮಳೆನೀರು ಕೊಯ್ಲಿನ ಬಗ್ಗೆ ಮಕ್ಕಳಿಗೆ ಪಾಠ ನಡೆಯುವುದು ಆ ಕೊಳವೆಬಾವಿಯ ಕಟ್ಟೆಯ ಮೇಲೆಯೇ. ಉಪಾಧ್ಯಕ್ಷರಿಗೆ ಎಲ್ಲ ಇಲಾಖೆಯಲ್ಲೂ ‘ನಮ್ಮ ಹುಡುಗ’ರಿದ್ದಾರೆ. ಖಜಾಂಚಿ ಚೆಕ್ಕಿಗೆ ಸಹಿ ಹಾಕುವ ದಿನ ಊರಲ್ಲಿರುವುದಿಲ್ಲ. ಇನ್ನೊಬ್ಬ ನಿರ್ದೇಶಕರನ್ನು ನಾನು ಇದುವರೆಗೆ ಕಂಡಿಲ್ಲ. ಫೋಟೋದಲ್ಲಿ ಮಾತ್ರ ಎಲ್ಲ ಕಾರ್ಯಕ್ರಮದಲ್ಲೂ ಇದ್ದಾರೆ.

ಒಬ್ಬ ಮೇಡಂ ಇದ್ದಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಎಲೆ ಮುರಿದು ಮೂಸಿ ಗಿಡದ ಕುಲಗೋತ್ರ ಹೇಳಬಲ್ಲವರು. ಇಡೀ ಮಂಡಳಿಯಲ್ಲಿ ವಿಷಯ ಗೊತ್ತಿರುವ ಏಕೈಕ ವ್ಯಕ್ತಿ. ಹಾಗಾಗಿ ಅವರಿಗೆ ಪ್ರಾರ್ಥನೆ, ರಂಗೋಲಿ ಮತ್ತು ವಂದನಾರ್ಪಣೆಯ ಜವಾಬ್ದಾರಿ ವಹಿಸಿದ್ದೇವೆ. ಲೆಟರ್‌ಹೆಡ್‌ನಲ್ಲಿ ಅವರ ಹೆಸರಿನ ಮುಂದೆ ‘ಮಹಿಳಾ ಪ್ರತಿನಿಧಿ’ ಎಂದಿದೆ. ಉಳಿದ ನಾವು ಯಾರ ಪ್ರತಿನಿಧಿಗಳೆಂದು ನಮೂದಿಸಿಲ್ಲ.

ಭದ್ರಾವತಿಯಿಂದ ಬರುವವರು ಒಬ್ಬರೇ, ಕಾಗದದ ಕಾರ್ಖಾನೆಯಲ್ಲಿ ದುಡಿದು ಸ್ವಯಂನಿವೃತ್ತಿ ತೆಗೆದುಕೊಂಡವರು. ಸಭೆ ನಾಲ್ಕಕ್ಕೆ ಎಂದರೆ ನಾಲ್ಕಕ್ಕೇ ಬಂದು ಕೂರುತ್ತಾರೆ, ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡ ಊರು ಅದು. ಶಿವಮೊಗ್ಗದ ನಿರ್ದೇಶಕರು ಮನೆಯಿಂದ ಹೊರಡುವುದೇ ಐದಕ್ಕೆ. ಆ ಒಂದು ಗಂಟೆ ಅವರು ಕಿಟಕಿಯಿಂದ ಹೊರಗೆ ನೋಡುತ್ತಾ ಮರಗಳ ತೂಕ ಹಾಕುತ್ತಿರುತ್ತಾರೆ. ಬಿದಿರಿನ ಮೆಳೆ ಕಂಡರೆ ಎಷ್ಟು ಟನ್ ಎಂದು ಹೇಳುತ್ತಾರೆ, ಅಕೇಶಿಯಾ ಕಂಡರೆ ಎಷ್ಟು ರೀಮು ಎಂದು. ಜೀವಮಾನವಿಡೀ ಕಾಡನ್ನು ಕಾಗದ ಮಾಡಿದ ತಾನು ಪ್ರಕೃತಿ ಶಿಕ್ಷಣ ಕೇಂದ್ರದಲ್ಲಿ ಏನು ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಅವರಿಗೆ ಆಗಾಗ ಏಳುತ್ತದೆ. ಮಂಡಳಿಯಲ್ಲಿ ಆ ಪ್ರಶ್ನೆ ಏಳುವುದು ಅವರೊಬ್ಬರಿಗೇ.

ಅವರಿಂದಲೇ ನನಗೆ ಸಂಸ್ಥೆಗಳ ಆಯುಸ್ಸಿನ ಗುಟ್ಟು ತಿಳಿದದ್ದು. ಕಾಗದದ ಕಾರ್ಖಾನೆಗೆಂದು ಮಲೆನಾಡಿನ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯಭೂಮಿಯನ್ನು 1980ರಲ್ಲಿ ನಲವತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. ಅಲ್ಲೆಲ್ಲ ನೀಲಗಿರಿ, ಅಕೇಶಿಯಾ ಬಂತು. ಕಾರ್ಖಾನೆ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿಯಿತು. ಸರ್ಕಾರ ಮತ್ತೆ ನಲವತ್ತು ವರ್ಷ ಮುಂದುವರಿಸಿತು! ಕಾಗದವಿಲ್ಲ, ಕಾಗದದ ಮರ ಇರಲಿ ಎಂದು. ಅಕೇಶಿಯಾ ಬೇಡವೆಂದು ಮಲೆನಾಡಿನ ಜನ ಬೀದಿಗಿಳಿದರು. ‘ಯಂತ್ರ ನಿಂತರೂ ಗುತ್ತಿಗೆ ನಿಲ್ಲಲ್ಲ ಸಾರ್’ ಎಂದು ಅವರು ಹೇಳಿದ್ದು ಕಾರ್ಖಾನೆಯ ಬಗ್ಗೆ. ಅಷ್ಟು ಹೊತ್ತಿಗೆ ನಮ್ಮ ಕೇಂದ್ರಕ್ಕೆ ಮಕ್ಕಳು ಬಂದು ಆರು ತಿಂಗಳಾಗಿತ್ತು, ಮಂಡಳಿಯ ಅವಧಿಯನ್ನು ಸರ್ವಾನುಮತದಿಂದ ವಿಸ್ತರಿಸಿ ಹದಿನೈದು ದಿನವಾಗಿತ್ತು. ಎಲ್ಲರೂ ಸುಮ್ಮನೆ ಚಹಾ ಕುಡಿದೆವು.

ಇಂಥ ನೆಡುತೋಪಿನ ವಿರುದ್ಧ ಜನ ಎದ್ದದ್ದು ಇದೇ ಮೊದಲಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಎಂದೇ ಅದರ ಹೆಸರು. ಮಕ್ಕಳ ದಿನಾಚರಣೆಯಂದು ನಡೆದ ಅಷ್ಟು ಒಳ್ಳೆಯ ಪ್ರಕೃತಿ ಪಾಠ ಇನ್ನೊಂದು ನನಗೆ ಗೊತ್ತಿಲ್ಲ. ಮೇಡಂ ಒಮ್ಮೆ ಈ ಕತೆಯನ್ನು ಮಕ್ಕಳಿಗೆ ಹೇಳೋಣ ಎಂದರು. ‘ಕೀಳುವ ವಿಷಯ ಬೇಡ, ಬರೀ ಹಚ್ಚುವುದು ಹೇಳಿ’ ಎಂದು ತಿದ್ದುಪಡಿಯಾಯಿತು. ಕೇಂದ್ರದ ಅಂಗಳದಲ್ಲಿ ನೆರಳು ಕೊಡುತ್ತಿರುವುದೂ ಅಕೇಶಿಯಾವೇ. ಹಿಂದಿನ ಮಂಡಳಿ ವನಮಹೋತ್ಸವದಲ್ಲಿ ನೆಟ್ಟದ್ದು, ಬೇಗ ಬೆಳೆಯುತ್ತದೆ, ಉದ್ಘಾಟಕರು ಮುಂದಿನ ಸಲ ಬಂದಾಗ ತೋರಿಸಬಹುದು ಎಂದು.

ವನಮಹೋತ್ಸವ ಎಂದೆನಲ್ಲ, ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು 1950ರಲ್ಲಿ ಶುರುಮಾಡಿದ ಈ ಹಬ್ಬವನ್ನು ನಾವು ಬಹಳ ಮಿತವ್ಯಯದಲ್ಲಿ ಮಾಡುತ್ತೇವೆ. ಗುಂಡಿ ಹೊಸದು ತೋಡಿಸುವುದಿಲ್ಲ. ಜೂನ್ 5ರಂದು ಪರಿಸರ ದಿನಕ್ಕೆ ಬಳಸಿದ ಗುಂಡಿಯನ್ನೇ ಜುಲೈನಲ್ಲಿ ವನಮಹೋತ್ಸವಕ್ಕೂ ಬಳಸುತ್ತೇವೆ. ಒಂದು ಸಸಿಗೆ ಹನ್ನೊಂದು ಕೈ. ಸಸಿ ಕಾಣದಷ್ಟು ಕೈ. ಫೋಟೋ ತೆಗೆಯುವವನು ‘ಸಾರ್, ಗಿಡ ಸ್ವಲ್ಪ ಮೇಲೆ ಎತ್ತಿ’ ಅನ್ನುತ್ತಾನೆ. ಎತ್ತಿದ ಗಿಡವನ್ನು ಮತ್ತೆ ಇಡುವಷ್ಟರಲ್ಲಿ ತಿಂಡಿಗೆ ಕರೆಯುತ್ತಾರೆ.

ಈಗ ಚಿಟ್ಟೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೇಡಂ ಹಟ ಹಿಡಿದು ಕೇಂದ್ರದ ಹಿಂಬದಿಯಲ್ಲಿ ಒಂದು ಚಿಟ್ಟೆ ತೋಟ ಮಾಡಿಸಿದರು. ಬಜೆಟ್ ಇರಲಿಲ್ಲವಾದ್ದರಿಂದ ಯಾರೂ ಅಡ್ಡಿ ಮಾಡಲಿಲ್ಲ. ಮಾಲಿ ಸುತ್ತಮುತ್ತಲಿನ ಬೇಲಿಯಿಂದಲೇ ಗಿಡ ತಂದ. ಎಕ್ಕ, ನಿಂಬೆ, ಕರಿಬೇವು, ಕಾಡಂಚಿನಿಂದ ಒಂದಿಷ್ಟು ಈಶ್ವರಿ ಬಳ್ಳಿ. ಯಾವ ಚಿಟ್ಟೆ ಯಾವ ಎಲೆಯ ಮೇಲೆ ಮೊಟ್ಟೆಯಿಡುತ್ತದೆ ಎಂಬುದು ಅವನಿಗೆ ಮೇಡಂ ಹೇಳುವ ಮೊದಲೇ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ಈಶ್ವರಿ ಬಳ್ಳಿಯ ಆಸೆಗೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರಬಹುದೆಂದು ಮೇಡಂ ಹೇಳಿದಾಗ, ರಾಜ್ಯಕ್ಕೆ ಒಂದು ಚಿಟ್ಟೆಯೂ ಇದೆ ಎಂಬ ಸುದ್ದಿ ಕೇಳಿ ಅಧ್ಯಕ್ಷರು ಕೂಡಲೇ ಒಂದು ಚಿಟ್ಟೆ ಉಪಸಮಿತಿ ರಚಿಸಿದರು. ಮೇಡಂ ಅದರಲ್ಲಿ ಇರಲಿಲ್ಲ. ಅವರಿಗೆ ಆಗಲೇ ರಂಗೋಲಿ ಇತ್ತಲ್ಲ.

ಮಳೆ ಹಿಡಿಯಿತು. ಗಿಡ ಚಿಗುರಿತು. ಎಕ್ಕದ ಎಲೆಯ ಅಡಿಯಲ್ಲಿ ಕಪ್ಪು ಬಿಳಿ ಹಳದಿ ಪಟ್ಟೆಯ ಹುಳಗಳು ತಲೆ ತಗ್ಗಿಸಿ ಮೇಯತೊಡಗಿದವು. ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೆಂದು ನಾವು ತಿಳಿದದ್ದು ಎರಡು ದಿನ ಬಿಟ್ಟು ನೋಡಿದರೆ ಅರ್ಧ ಇಂಚು ಪಕ್ಕಕ್ಕೆ ಸರಿದಿರುತ್ತಿತ್ತು. ಅದೂ ಹುಳವೇ, ಹಕ್ಕಿಯ ಕಣ್ಣಿಗೆ ಮಣ್ಣೆರಚಲು ಹಾಗೆ ವೇಷ ಹಾಕಿರುತ್ತದೆ, ದೊಡ್ಡದಾದ ಮೇಲೆ ಎಲೆಯ ಹಸಿರಿಗೇ ತಿರುಗುತ್ತದೆ. ಮಾಲಿ ಬೆಳಿಗ್ಗೆ ಬೆಳಿಗ್ಗೆ ಅವನ್ನು ಎಣಿಸುತ್ತಿದ್ದ. ಸರ್ಕಾರಿ ಶಾಲೆಯೊಂದರಿಂದ ಬಂದ ಮಕ್ಕಳು ಅರ್ಧ ದಿನ ಅಲ್ಲಿಂದ ಕದಲಲಿಲ್ಲ. ಅವರಿಗೆಂದು ಸಭಾಂಗಣದಲ್ಲಿ ಇಟ್ಟಿದ್ದ ‘ಪರಿಸರ ಮತ್ತು ನಾವು’ ಉಪನ್ಯಾಸವನ್ನು ಖಾಲಿ ಕುರ್ಚಿಗಳು ಕೇಳಿದವು.

ದೊಡ್ಡ ಅತಿಥಿಯೊಬ್ಬರು ಬರುವ ಹಿಂದಿನ ದಿನ ಚಿಟ್ಟೆ ಉಪಸಮಿತಿಯ ಸಂಚಾಲಕರು ತಪಾಸಣೆಗೆ ಬಂದರು. ‘ಎಂಥ ಅವಸ್ಥೆ ಮಾರಾಯ ಇದು! ಗಿಡವೆಲ್ಲ ಹುಳ ತಿಂದು ಜಲ್ಲಡಿ ಮಾಡಿವೆ, ನೀ ನೋಡ್ಕೊಂಡು ನಿಂತಿದೀಯಲ್ಲ? ಮದ್ದು ಹೊಡಿ!’ ಮಾಲಿ, ‘ಅದೇ ಸಾರ್ ಚಿಟ್ಟೆ’ ಅಂದ. ‘ಚಿಟ್ಟೆಗೆ ರೆಕ್ಕೆ ಇರುತ್ತೆ. ನಂಗೆ ಪಾಠ ಹೇಳ್ಬೇಡ’ ಎಂದರು ಸಂಚಾಲಕರು. ಸಂಜೆಯೊಳಗೆ ಅವರ ತೋಟದಿಂದಲೇ ಪಂಪು ಬಂತು, ಔಷಧಿ ಬಂತು. ಖರ್ಚು ಅವರದೇ. ಸ್ವಯಂಸೇವೆ ಎಂದರೆ ಸುಮ್ಮನೆಯೇ?

ಮರುದಿನ ಅತಿಥಿಗಳು ಚಿಟ್ಟೆ ತೋಟಕ್ಕೆ ಬಂದು ಸುತ್ತ ನೋಡಿದರು. ಗಿಡಗಳು ಚೊಕ್ಕವಾಗಿದ್ದವು, ಬುಡಕ್ಕೆ ಕೆಮ್ಮಣ್ಣು ಬಳಿದಿತ್ತು. ‘ಚಿಟ್ಟೆ ಎಲ್ಲಿ?’ ಎಂದು ಕೇಳಿದರು. ಹವಾಮಾನ ಬದಲಾವಣೆ ಎಂದು ಉಪಾಧ್ಯಕ್ಷರು ದುಃಖದಿಂದ ವಿವರಿಸಿದರು. ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಹೀಗಿದೆ: ಚಿಟ್ಟೆಗಳ ಸಂಖ್ಯೆ ಕುಸಿಯುತ್ತಿರುವುದರ ಬಗ್ಗೆ ಸಭೆ ತೀವ್ರ ಕಳವಳ ವ್ಯಕ್ತಪಡಿಸಿತು. ಈ ಕೊರತೆ ನೀಗಿಸಲು ತಗಡಿನ ದೊಡ್ಡ ಚಿಟ್ಟೆಯೊಂದನ್ನು ರೆಕ್ಕೆಗಳ ನಡುವೆ ಒಬ್ಬರು ನಿಂತು ಸೆಲ್ಫಿ ತೆಗೆದುಕೊಳ್ಳುವಂತೆ ನಿರ್ಮಿಸುವುದು, ಅದರ ಸುತ್ತ ಇಂಟರ್‌ಲಾಕ್ ಹಾಸುವುದು. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದಲ್ಲ, ಆ ದುಡ್ಡು ತರುವ ಹೊಣೆ ಕಾರ್ಯದರ್ಶಿಗಳದು. ಇಂಟರ್‌ಲಾಕ್ ಹಾಸಿದವರು ಅಧ್ಯಕ್ಷರ ಬಾವಮೈದ. ಹಾಸಿದ ಜಾಗ ಎಕ್ಕದ ಗಿಡಗಳಿದ್ದ ಜಾಗ.

ಅಧ್ಯಕ್ಷರು ಇದರಿಂದ ಒಂದು ಪೈಸೆ ಮುಟ್ಟಿಲ್ಲ. ಪ್ರತಿ ವಾರ್ಷಿಕ ಸಭೆಯಲ್ಲಿ ಅವರೇ ಹೇಳುತ್ತಾರೆ, ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆದು. ಅದು ನಿಜವಾದ ಕತೆ: ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ನಷ್ಟ ಮೈಮೇಲೆ ಬಂದಿತ್ತು, ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಿಲ್ಲಿಸಿದರು, ತಮಗೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಔದ್ಯೋಗಿಕ ಶಾಲೆ ಕಟ್ಟಲು ಬಿಟ್ಟುಕೊಟ್ಟರು. ಅಂಥ ಅಧ್ಯಕ್ಷರಿದ್ದ ಮಂಡಳಿಯೂ ಕಾಡಿನ ಪಾಲಿಗೆ ಏನಾಗಿತ್ತು ಎಂಬುದನ್ನು ಮಾತ್ರ ನಮ್ಮವರು ಹೇಳುವುದಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಕಾರ್ಖಾನೆಯ ಹೆಸರಿನಲ್ಲೇ ಮರ ಬಟ್ಟಿ ಇಳಿಸುವ ಉದ್ಯಮ ಎಂದಿತ್ತು. ಅವರು ಕನಿಷ್ಠ ತಾವು ಮಾಡುವುದನ್ನು ಫಲಕದ ಮೇಲೆ ಬರೆದುಕೊಂಡಿದ್ದರು ನೋಡಿ.

ದೊಡ್ಡ ವಿಷಯಗಳಲ್ಲಿ ನಮ್ಮ ನಿಲುವೇನೆಂದು ಕೆಲವರು ಕೇಳುತ್ತಾರೆ. ಬಹಳ ಸ್ಪಷ್ಟ. ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಂಪುಟ 2024ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿದಾಗ ನಾವು ಪಶ್ಚಿಮ ಘಟ್ಟದ ಪರ ಮತ್ತು ವರದಿಯ ವಿರುದ್ಧ ಇದ್ದೆವು. ನಿರ್ದೇಶಕರಲ್ಲಿ ಹಲವರಿಗೆ ಹೊಸನಗರ, ತೀರ್ಥಹಳ್ಳಿ ಕಡೆ ತೋಟವಿದೆ, ಒಬ್ಬರಿಗೆ ಜಲ್ಲಿ ಕ್ರಷರ್ ಇದೆ. ಸಿಂಗಳೀಕಗಳಿರುವ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಾಗ ಮೇಡಂ ಒಂದು ಠರಾವು ಮಂಡಿಸಿದರು. ಬೈಲಾ ತೆಗೆದು ನೋಡಲಾಯಿತು. ನಮ್ಮ ಕಾರ್ಯವ್ಯಾಪ್ತಿ ಶಿವಮೊಗ್ಗ, ಭದ್ರಾವತಿ ತಾಲ್ಲೂಕು ಮಾತ್ರ, ಸಾಗರ ಬರುವುದಿಲ್ಲ. ಸರಿ, ಹಾಗಾದರೆ ಶಿವಮೊಗ್ಗದ ಚರಂಡಿ ನೀರು ತುಂಗೆಗೆ ಸೇರುತ್ತಿದೆಯಲ್ಲ, ಅದು ವ್ಯಾಪ್ತಿಯೊಳಗೇ ಇದೆಯಲ್ಲ ಎಂದರು ಮೇಡಂ. ಅದು ‘ಸೂಕ್ಷ್ಮ ವಿಷಯ’ವಾಯಿತು. ಗಂಗಾ ಸ್ನಾನ ತುಂಗಾ ಪಾನ ಎಂದು ಅಧ್ಯಕ್ಷರು ಕೈಮುಗಿದು ಇಪ್ಪತ್ತು ಲೀಟರಿನ ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿಕೊಂಡರು. ಭದ್ರೆಯ ಬಗ್ಗೆ ಕಾರ್ಖಾನೆಯವರು ಮಾತಾಡಲಿ ಎಂದರು. ಭದ್ರಾವತಿಯವರು, ‘ನಾವಿರೋವಾಗ ಮೀನು ಸಾಯ್ತಿದ್ವು, ಈಗ ನಾವೇ’ ಎಂದು ಹೇಳಿ ಸುಮ್ಮನಾದರು. ಎರಡೂ ನೀರು ಕೂಡಲಿಯಲ್ಲಿ ಒಂದಾಗಿ ಮುಂದೆ ಹೋಗುತ್ತವೆ. ಅಲ್ಲಿಂದಾಚೆ ಯಾವ ಜಿಲ್ಲೆಯ ವ್ಯಾಪ್ತಿಯೋ.

ಅಧ್ಯಯನ ಪ್ರವಾಸವನ್ನು ಬಿಟ್ಟರೆ ತಪ್ಪಾಗುತ್ತದೆ. ಮಂಡಗದ್ದೆಯಲ್ಲಿ ಮಳೆಗಾಲದ ತುಂಬು ಹೊಳೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ, ಅದನ್ನು ನೋಡಿ ಕಲಿಯೋಣ ಎಂದು ಹೊರಟೆವು. ದಾರಿಯಲ್ಲೇ ಸಿಗುವ ಸಕ್ರೆಬೈಲಿನಲ್ಲಿ ಆನೆ ಮೀಯುವುದನ್ನು ನೋಡುತ್ತಾ ನಿಂತೆವು. ಒಬ್ಬ ಕಾವಾಡಿ ಆನೆಯ ಕಿವಿಯ ಹಿಂಭಾಗ ತಿಕ್ಕುತ್ತಾ, ಯಾವ ಸೊಪ್ಪು ಯಾವ ತಿಂಗಳಲ್ಲಿ ತಿನ್ನುತ್ತದೆ, ಕಾಡಿಗೆ ಬಿಟ್ಟ ರಾತ್ರಿ ಎಲ್ಲೆಲ್ಲಿ ಹೋಗಿ ಬರುತ್ತದೆ ಎಂದು ಹೇಳುತ್ತಲೇ ಇದ್ದ. ಇಂಥವರನ್ನು ಮಂಡಳಿಗೆ ತೆಗೆದುಕೊಂಡರೆ ಹೇಗೆ ಎಂದು ನಾನು ಕೇಳಿದೆ. ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು. ‘ಆಗಬಹುದಿತ್ತು. ಆದರೆ ಹೆಸರಿನ ಮುಂದೆ ಏನಂತ ಹಾಕೋದು ಸಾರ್?’ ಎಂದರು. ಮಂಡಗದ್ದೆಗೆ ತಲುಪಿದಾಗ ಮಳೆ. ಬಸ್ಸಿನ ಕಿಟಕಿಯಿಂದ ಹಕ್ಕಿ ನೋಡಿ, ಹೋಮ್‌ಸ್ಟೇಗೆ ಹೋಗಿ, ಅಲ್ಲಿ ಕೋಳಿಯನ್ನು ಹತ್ತಿರದಿಂದ ಅಧ್ಯಯನ ಮಾಡಿದೆವು.

ಈ ನಡುವೆ ಮಾಲಿಯ ಸಂಬಳ ಮೂರು ತಿಂಗಳು ಬಾಕಿಯಾಗಿತ್ತು. ಚೆಕ್ಕಿಗೆ ಇಬ್ಬರ ಸಹಿ ಬೇಕು. ಖಜಾಂಚಿಗಳು ಮಗನ ಮನೆಗೆ ಅಮೆರಿಕಕ್ಕೆ ಹೋಗಿದ್ದರು, ಸಹಿಯ ಅಧಿಕಾರ ಬದಲಿಸುವ ಠರಾವಿಗೆ ಕೋರಂ ಇರಲಿಲ್ಲ. ಭದ್ರಾವತಿಯವರು ತಮ್ಮ ಪಿಂಚಣಿಯಿಂದ ಒಂದು ತಿಂಗಳದ್ದು ಕೊಟ್ಟರು. ಕಾರ್ಖಾನೆಯ ಭವಿಷ್ಯನಿಧಿ ಪಿಂಚಣಿ ಎಂದರೆ ಎಷ್ಟಿರುತ್ತದೆಂದು ಪಡೆಯುವವರಿಗೆ ಗೊತ್ತು. ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಮಾಲಿ ಮರ ಹತ್ತಬಲ್ಲವನು, ಕೊನೆಗಾರನಾಗಿ ಚನ್ನಗಿರಿ ಕಡೆಯ ತೋಟಗಳಿಗೆ ಹೊರಟುಹೋದ. ಅಲ್ಲಿ ದಿನಗೂಲಿ ಸಂಜೆಯೇ ಕೈಗೆ ಬರುತ್ತದೆ, ಯಾರ ಸಹಿಯೂ ಬೇಡ. ಹೋಗುವ ಮುಂಚೆ ಮೇಡಂ ಮನೆಯ ಹಿತ್ತಲಲ್ಲಿ ನಾಲ್ಕು ಎಕ್ಕದ ಗಿಡ, ಒಂದು ಈಶ್ವರಿ ಬಳ್ಳಿ ನೆಟ್ಟು ಹೋದನಂತೆ. ಪಕ್ಕದ ಬೀದಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿ ಹುಳ ಎಣಿಸುತ್ತಾರೆ ಎಂದು ಕೇಳಿದ್ದೇನೆ. ಮೇಡಂ ಈಚೆಗೆ ಸಭೆಗೆ ಬರುತ್ತಿಲ್ಲ. ವಂದನಾರ್ಪಣೆಗೆ ಯಾರೂ ಸಿಗದೆ ಬಹಳ ತೊಂದರೆಯಾಗಿದೆ.

ಈ ತಿಂಗಳು ಮಂಡಳಿಗೆ ಚುನಾವಣೆ. ಹಿಂದೆಂದೂ ಕಾಣದ ಹುರುಪು. ವಿನೋಬನಗರದಲ್ಲಿ ಒಂದು ಬಣ, ಗೋಪಾಳದಲ್ಲಿ ಇನ್ನೊಂದು. ಜಾತಿವಾರು ಲೆಕ್ಕಾಚಾರ ಮುಗಿದಿದೆ, ಒಂದು ಬಣದವರು ಮತದಾರರಿಗೆ ಕುಕ್ಕರ್ ಬದಲು ಬಟ್ಟೆಯ ಚೀಲ ಹಂಚುತ್ತಿದ್ದಾರೆ, ಪರಿಸರಸ್ನೇಹಿ ಎಂದು. ಖಾಲಿಯಾಗುವ ಎರಡು ನಿರ್ದೇಶಕ ಸ್ಥಾನಗಳಿಗೆ ಹನ್ನೊಂದು ನಾಮಪತ್ರ ಬಂದಿವೆ. ಮಾಲಿಯ ಕೆಲಸಕ್ಕೆ ಗೇಟಿನಲ್ಲಿ ಚೀಟಿ ಅಂಟಿಸಿ ಎರಡು ತಿಂಗಳಾಯಿತು, ಇನ್ನೂ ಒಂದು ಅರ್ಜಿಯೂ ಇಲ್ಲ.